ನಡುವಿನಿಂದ ಶುರುವಾದ ಲೆಕ್ಕ

ನಾನು ಗಣಿತದ ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಹನ್ನೊಂದು ಮತ್ತು ಹನ್ನೆರಡನೇ ತರಗತಿಯ ವಿಜ್ಞಾನದ ಮಕ್ಕಳ ಬೆವರಿಳಿಸುತ್ತಿದ್ದೇನೆ. ಮಕ್ಕಳು ನನಗೆ ಇಟ್ಟಿರುವ ಹೆಸರು ‘ಶಾರ್ಟ್ ಸರ್ಕ್ಯೂಟ್’. ಅದು ನನಗೆ ಗೊತ್ತಿಲ್ಲವೆಂದು ಅವರು ತಿಳಿದಿದ್ದಾರೆ, ಗೊತ್ತಿಲ್ಲದವನ ಹಾಗೆ ನಾನೂ ನಟಿಸುತ್ತೇನೆ. ಹೆಸರಿಟ್ಟವರದ್ದು ತಪ್ಪೇನಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದರಲ್ಲೂ ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ.

ಈಗ ಹೇಳಹೊರಟಿರುವುದು ನನ್ನ ವಿಷಯವಲ್ಲ, ಒಬ್ಬ ಹುಡುಗಿಯ ವಿಷಯ. ಆದರೆ ಅವಳ ಕಥೆಯ ತುಂಬ ನನ್ನ ಎಡವಟ್ಟೇ ಇರುವುದರಿಂದ ನನ್ನನ್ನು ಬಿಟ್ಟು ಹೇಳಲು ಬರುವುದಿಲ್ಲ.

ಅವಳು ನಮ್ಮ ಕಾಲೇಜಿಗೆ ಬಂದದ್ದು ಹನ್ನೊಂದನೇ ತರಗತಿಗೆ. ತೆಳ್ಳಗೆ, ಉದ್ದಕ್ಕೆ ಇದ್ದಳು. ಉಗುರಿನ ಸಂದಿಯಲ್ಲಿ ಒಂದಲ್ಲ ಒಂದು ಬಣ್ಣ ಇದ್ದೇ ಇರುತ್ತಿತ್ತು, ಸೋಮವಾರ ನೀಲಿಯಾದರೆ ಮಂಗಳವಾರ ಹಳದಿ. ಅವಳ ತಾಯಿ ಬೋರ್ಡ್ ಬರೆಯುವವಳು. ಔಷಧಿ ಅಂಗಡಿ, ಕ್ಷೌರದಂಗಡಿ, ಸೈಕಲ್ ರಿಪೇರಿ, ಹಲ್ಲಿನ ಡಾಕ್ಟರು, ಹೀಗೆ ನಮ್ಮ ಬೀದಿಯ ಅರ್ಧ ಬೋರ್ಡುಗಳು ಆ ಹೆಂಗಸಿನ ಕೈಯಲ್ಲೇ ಬರೆದವು. ಮಗಳು ಆರನೇ ವಯಸ್ಸಿನಿಂದ ಕುಂಚ ಹಿಡಿದವಳು. ವಾರ ಕಳೆಯುವುದರೊಳಗೆ ತರಗತಿಯವರು ಅವಳಿಗೆ ‘ಪೇಂಟ್ ಡಬ್ಬಿ’ ಎಂದು ಹೆಸರಿಟ್ಟರು. ತಿಂಗಳಾಗುವುದರೊಳಗೆ ಅದು ಸವೆದು ಬರೀ ‘ಡಬ್ಬಿ’ ಆಯಿತು. ಹಾಗೆ ಕರೆದರೆ ಅವಳು ಹಲ್ಲು ಕಿರಿದು ತಿರುಗಿ ನೋಡುತ್ತಿದ್ದಳು, ಹಾಗಾಗಿ ನಾನೂ ಹಾಗೇ ಕರೆಯತೊಡಗಿದೆ.

ಮೊದಲ ದಿನ ಎಲ್ಲರನ್ನೂ ಎಬ್ಬಿಸಿ, ವಿಜ್ಞಾನ ಯಾಕೆ ತೆಗೆದುಕೊಂಡಿರಿ ಎಂದು ಕೇಳುವುದು ನನ್ನ ಪದ್ಧತಿ. ನಲವತ್ತೆರಡು ಜನರಲ್ಲಿ ಮೂವತ್ತೆಂಟು ಜನ ಡಾಕ್ಟರು, ಎಂಜಿನಿಯರು ಎಂದರು. ಮೂವರು ‘ಅಪ್ಪ ಹೇಳಿದ್ರು’ ಎಂದರು. ಇವಳೊಬ್ಬಳು, “ಸರ್ವೆ ಮಾಡೋಕೆ ಸಾರ್” ಅಂದಳು.

ರಸ್ತೆ ಅಳೆಯುವವರು ನೆಟ್ಟಗೆ ಹಿಡಿದು ನಿಲ್ಲುವ ಉದ್ದನೆಯ ಅಳತೆಕೋಲು ಇರುತ್ತದಲ್ಲ, ಅದರ ಗೆರೆ ಮತ್ತು ಅಂಕಿಗಳನ್ನು ಹೊಸದಾಗಿ ಬರೆದುಕೊಡುವ ಕೆಲಸ ಒಮ್ಮೆ ಅವಳ ತಾಯಿಗೆ ಬಂದಿತ್ತಂತೆ. ಅಂಕಿಗಳನ್ನು ಬರೆದವಳು ಮಗಳು. “ರಸ್ತೆ ಆ ಕಡೆಯಿಂದ ಒಬ್ರು ದುರ್ಬೀನಲ್ಲಿ ನೋಡಿ ನಾನು ಬರೆದ ಅಂಕೀನ ಓದಿದ್ರು ಸಾರ್. ಅಷ್ಟು ದೂರದಿಂದ! ನಂಗೂ ಆ ಕಡೆ ನಿಂತ್ಕೊಂಡು ಓದ್ಬೇಕು” ಎಂದಳು. ತರಗತಿ ನಕ್ಕಿತು. ನನಗೆ ಆ ಉತ್ತರ ಹಿಡಿಸಿತು, ಆದರೆ ಹಿಡಿಸಿತು ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ. ಸರ್ವೆ ಕೋರ್ಸಿಗೆ ಸೇರಬೇಕಾದರೆ ಗಣಿತ, ಭೌತಶಾಸ್ತ್ರ ಎರಡೂ ಪಾಸಾಗಿರಬೇಕು. ಅಂದರೆ ಎರಡು ವರ್ಷ ಅವಳು ವಿಜ್ಞಾನದ ವಿಭಾಗದಲ್ಲೇ ಉಳಿಯಬೇಕು. ಮುಂದೆ ನಡೆದದ್ದೆಲ್ಲ ಈ ಉಳಿಯುವ ಪ್ರಶ್ನೆಯೇ.

ಹನ್ನೊಂದನೇ ತರಗತಿ ಮಕ್ಕಳ ಜಂಬ ಇಳಿಯುವ ಜಾಗ. ಹತ್ತರಲ್ಲಿ ತೊಂಬತ್ತು ತೆಗೆದವರು ಎದೆಯುಬ್ಬಿಸಿಕೊಂಡು ಬರುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಗಣಿತ ಕಬ್ಬಿಣದ ಕಡಲೆಯಾಗಿರುತ್ತದೆ, ಭೌತಶಾಸ್ತ್ರ ತಲೆಯ ಮೇಲೆ ಹಾರಿಹೋಗುತ್ತಿರುತ್ತದೆ. ಆಗ ಕೆಲವರು ಪುಸ್ತಕವನ್ನೇ ಬಾಯಿಪಾಠ ಮಾಡುತ್ತಾರೆ, ಕೆಲವರು ಎರಡೆರಡು ಕಡೆ ಟ್ಯೂಷನ್ನಿಗೆ ಹೋಗುತ್ತಾರೆ. ಟೆಸ್ಟಿನ ದಿನ ಸರಿಯಾಗಿ ಹೊಟ್ಟೆನೋವು ಬರಿಸಿಕೊಳ್ಳುವ ಕಲಾವಿದರೂ ಇದ್ದಾರೆ. ಡಬ್ಬಿ ಇದ್ಯಾವುದನ್ನೂ ಮಾಡಲಿಲ್ಲ, ದಿನಾ ಸ್ಟಾಫ್ ರೂಮಿಗೆ ಬಂದು ಪ್ರಶ್ನೆ ಕೇಳುತ್ತಿದ್ದಳು. ಆ ಪ್ರಶ್ನೆಯೂ ವಿಚಿತ್ರ. ಉಳಿದವರು ‘ಹೇಗೆ ಶುರು ಮಾಡೋದು ಸಾರ್’ ಎಂದು ಕೇಳಿದರೆ ಇವಳು, “ಸಾರ್, ಇದರ ನಡುವೆ ಏನು ಬರುತ್ತೆ?” ಎಂದು ಕೇಳುತ್ತಿದ್ದಳು.

“ನಡುವೆ ಬರೋದು ಆಮೇಲೆ. ಮೊದಲು ಮೊದಲನೇ ಸಾಲು ಬರಿಯಮ್ಮಾ ತಾಯಿ!” ಎಂದು ನಾನು ರೇಗುತ್ತಿದ್ದೆ. ಪಕ್ಕದ ಮೇಜಿನಿಂದ ಭೌತಶಾಸ್ತ್ರದ ಮೇಡಂ, “ಮೇಷ್ಟ್ರೇ, ಬಿಪಿ” ಎಂದು ನೆನಪಿಸುತ್ತಿದ್ದರು. ಅವರ ವಿಷಯದಲ್ಲಿ ಡಬ್ಬಿ ಹೇಗೋ ಮೂವತ್ತೆಂಟು ನಲವತ್ತು ತೆಗೆದು ದಡ ಸೇರುತ್ತಿದ್ದಳು. ನನ್ನ ಮೊದಲ ಟೆಸ್ಟಿನಲ್ಲಿ ಮಾತ್ರ ನೂರಕ್ಕೆ ಹತ್ತೊಂಬತ್ತು ಬಂತು.

ನಮ್ಮಲ್ಲಿ ಒಂದು ನಿಯಮವಿದೆ. ಮೊದಲ ಟೆಸ್ಟು ಮತ್ತು ಅರ್ಧವಾರ್ಷಿಕ, ಎರಡರಲ್ಲೂ ಮೂವತ್ತೈದಕ್ಕಿಂತ ಕಡಿಮೆ ಬಂದರೆ ವಿಜ್ಞಾನದಿಂದ ತೆಗೆದು ಬೇರೆ ವಿಭಾಗಕ್ಕೆ ಹಾಕುತ್ತಾರೆ. ಹತ್ತೊಂಬತ್ತು ನೋಡಿದ ಮೇಲೆ ಅವಳು ಎರಡು ದಿನ ಹಲ್ಲು ಕಿರಿಯಲಿಲ್ಲ. ಮೂರನೇ ದಿನ ಮತ್ತೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

ಅರ್ಧವಾರ್ಷಿಕ ಪರೀಕ್ಷೆಯ ದಿನ ಅದೇ ಕೊಠಡಿಗೆ ನನ್ನನ್ನೇ ಮೇಲ್ವಿಚಾರಣೆಗೆ ಹಾಕಿದ್ದರು. ಸಾಲುಗಳ ನಡುವೆ ಓಡಾಡುತ್ತಾ ಅವಳ ಹತ್ತಿರ ಬಂದೆ. ಖಾಲಿ ಹಾಳೆಯ ನಟ್ಟನಡುವೆ ಒಂದೇ ಒಂದು ಸಾಲು ಬರೆದಿದ್ದಳು: ಒಂದು ಭಾಗಿಸು ಸೈನ್ ಗುಣಿಸು ಕಾಸ್. ಮೇಲೂ ಖಾಲಿ, ಕೆಳಗೂ ಖಾಲಿ. ಎಡಕ್ಕಿರುವುದೂ ಬಲಕ್ಕಿರುವುದೂ ಒಂದೇ ಎಂದು ತೋರಿಸಬೇಕಾದ ಲೆಕ್ಕ ಅದು. ಎರಡೂ ಕಡೆಯವು ಕರಗಿ ಕೊನೆಗೆ ಸೇರುವುದು ಆ ಸಾಲಿನಲ್ಲೇ. ಅದಕ್ಕೆ ತಲುಪಲು ಏಳೆಂಟು ಮೆಟ್ಟಿಲು ಬೇಕು. ಇವಳು ಒಂದು ಮೆಟ್ಟಿಲನ್ನೂ ಹತ್ತದೆ ಅಲ್ಲಿ ಹೇಗೆ ನಿಂತಳು? ತಲೆಯೆತ್ತಿ ನೋಡಿದರೆ ಅವಳ ಮುಂದಿನ ಬೆಂಚಿನಲ್ಲಿ ‘ಕಂಪ್ಯೂಟರ್’ ಕೂತಿದ್ದಳು. ತರಗತಿಗೇ ಮೊದಲು ಬರುವ, ಮುತ್ತಿನಂಥ ಅಕ್ಷರದ, ಕನ್ನಡಕದ ಹುಡುಗಿ ಅವಳು. ಅವಳ ಹಾಳೆಯಲ್ಲಿ ಆ ಸಾಲು ಇತ್ತು.

ನನಗೆ ಅಷ್ಟೇ ಸಾಕಾಯಿತು. ಆಮೇಲೆ ಡಬ್ಬಿ ಆ ಸಾಲಿನ ಮೇಲೊಂದು ಸಾಲು, ಕೆಳಗೊಂದು ಸಾಲು ಸೇರಿಸುತ್ತಾ ಹೋದದ್ದನ್ನೂ ನೋಡಿದೆ. ಕದ್ದ ಮಾಲಿಗೆ ರಸೀದಿ ಬರೆಯುತ್ತಿದ್ದಾಳೆ ಎಂದುಕೊಂಡೆ.

ಉತ್ತರಪತ್ರಿಕೆ ಹಂಚುವ ದಿನ ಅವಳದ್ದನ್ನು ಕೊನೆಗೆ ಇಟ್ಟುಕೊಂಡೆ. ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ. “ಮುಂದಿನವರ ಉತ್ತರ ಎತ್ತಿ ನಡುವೆ ಇಟ್ಟು, ಸುತ್ತ ಗೋಡೆ ಕಟ್ಟಿದೀಯ. ನಾಚಿಕೆ ಆಗಲ್ವಾ?” ಎಂದೆ.

ಅವಳು ಎದ್ದು ನಿಂತಳು. ಮುಖ ಕೆಂಪಾಗಿತ್ತು, ಆದರೆ ತಲೆ ತಗ್ಗಿಸಲಿಲ್ಲ. “ನಾನು ನೋಡಿ ಬರೆದಿಲ್ಲ ಸಾರ್. ನಮ್ಮನೇಲಿ ಹೀಗೇ ಮಾಡೋದು” ಎಂದಳು.

“ಓಹೋ, ಮನೆಮಂದಿಗೆಲ್ಲ ಇದೇ ಕಸುಬಾ?”

ತರಗತಿ ಗೊಳ್ಳೆಂದು ನಕ್ಕಿತು. ನನ್ನ ಮಾತಿಗೆ ಮಕ್ಕಳು ನಗುವುದು ಅಪರೂಪ, ಹಾಗಾಗಿ ನನಗೆ ಒಳಗೊಳಗೇ ಖುಷಿಯಾಯಿತು. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಹಾಗೆಯೇ. ಅವಳು ಕೂತುಬಿಟ್ಟಳು. ಅಂದೇ ನಾನು ಪ್ರಾಂಶುಪಾಲರಿಗೆ ಕಾಗದ ಬರೆದೆ: ನಕಲು ಮಾಡಿದ್ದಾಳೆ, ಅಂಕ ಸೊನ್ನೆ, ವಿಭಾಗ ಬದಲಿಸಬಹುದು.

ಇದಾದ ಎರಡನೇ ದಿನ ಶನಿವಾರ. ಬೆಳಿಗ್ಗೆ ಕಾಲೇಜಿಗೆ ಬಂದರೆ ಗೇಟಿನ ಕಮಾನಿಗೆ ಏಣಿ ಒರಗಿಸಿದ್ದರು. ಮಳೆ ಬಿಸಿಲಿಗೆ ಮಾಸಿದ್ದ ಹಳೆಯ ಬೋರ್ಡನ್ನು ಒರೆಸಿ ಹೊಸದಾಗಿ ಬರೆಸುತ್ತಿದ್ದರು. ಏಣಿಯ ಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದ ಒಬ್ಬ ಹೆಂಗಸು. ಅಷ್ಟುದ್ದದ ಬಿಳಿ ಬೋರ್ಡಿನಲ್ಲಿ ಆಕೆ ಬರೆದದ್ದು ಒಂದೇ ಅಕ್ಷರ, ಅದೂ ನಟ್ಟನಡುವೆ.

ಮೂಗು ತೂರಿಸುವುದು ನನ್ನ ಹುಟ್ಟುಗುಣ. “ಏನಮ್ಮಾ, ಎಡಗಡೆಯಿಂದ ಬರೆಯೋದು ಬಿಟ್ಟು ನಡುವೆ ಯಾಕೆ ಶುರು ಮಾಡಿದೆ?” ಎಂದು ಕೆಳಗಿನಿಂದ ಕೂಗಿದೆ.

ಆಕೆ ತಿರುಗಲೂ ಇಲ್ಲ. “ಎಡಗಡೆಯಿಂದ ಶುರು ಮಾಡಿದ್ರೆ ಬಲಗಡೆ ಹೋಗೋ ಹೊತ್ತಿಗೆ ಜಾಗ ಮುಗಿದು ಅಕ್ಷರ ಒಂದರ ಮೇಲೊಂದು ಬೀಳ್ತವೆ. ಹೊಸಬರು ಬರೆದ ಬೋರ್ಡ್ ನೋಡಿ, ಕೊನೆಗೆ ಬಸ್ಸಲ್ಲಿ ನಿಂತ ಜನದ ಹಾಗೆ ಒತ್ಕೊಂಡಿರ್ತವೆ” ಎಂದಳು. “ಮೊದಲು ಅಕ್ಷರ ಎಣಿಸ್ಬೇಕು. ಕೆಲವು ಹೊಟ್ಟೆಬಾಕ, ಕೆಲವು ಬಡಕಲು, ಅದನ್ನೂ ಲೆಕ್ಕ ಹಾಕ್ಬೇಕು. ನಡು ಯಾವ್ದು ಅಂತ ಗೊತ್ತಾದ್ಮೇಲೆ ಅದನ್ನ ಬರೆದು, ಆಮೇಲೆ ಆ ಕಡೆ ಒಂದು, ಈ ಕಡೆ ಒಂದು. ನಮ್ಮಪ್ಪ ಕಲಿಸಿದ್ದು. ನನ್ನ ಮಗಳಿಗೆ ಅಕ್ಷರ ಬಂದಿದ್ದೇ ಹೀಗೆ. ಒಂದನೇ ಕ್ಲಾಸಲ್ಲಿ ತನ್ನ ಹೆಸರನ್ನೂ ನಡುವಿಂದ ಬರೀತಿದ್ಳು.”

ಆಗ ನನ್ನ ಕಣ್ಣು ಏಣಿಯ ಬುಡಕ್ಕೆ ಹೋಯಿತು. ಬಣ್ಣದ ಬಕೆಟ್ಟಿನ ಹಿಂದೆ ಡಬ್ಬಿ ಕುಕ್ಕರಗಾಲಲ್ಲಿ ಕೂತು, ಮುಖ ಆ ಕಡೆ ಮಾಡಿಕೊಂಡು ಬಣ್ಣ ಕಲಸುತ್ತಿದ್ದಳು. ಆ ಬಣ್ಣ ಆಗಲೇ ಬೇಕಾದಷ್ಟು ಕಲಸಿಯಾಗಿತ್ತು.

ಮೇಲಿನಿಂದ ಮಾತು ಮುಂದುವರಿಯಿತು. “ಈಗ ನೋಡಿ, ಅವಳ ಲೆಕ್ಕದ ಮೇಷ್ಟ್ರು ಕ್ಲಾಸಿನವರ ಮುಂದೆ ಕಳ್ಳಿ ಅಂದ್ರಂತೆ. ಮನೆಮಂದಿಯೆಲ್ಲ ಕಳ್ಳರಾ ಅಂತಲೂ ಕೇಳಿದ್ರಂತೆ. ಕೂಸು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಸೈನ್ಸಿಂದ ತೆಗೀತಾರಂತೆ. ನಂಗೆ ಆ ಲೆಕ್ಕ ಗಿಕ್ಕ ಬರಲ್ಲ. ಆದ್ರೆ ನನ್ನ ಮಗಳು ಇನ್ನೊಬ್ಬರ ಬೋರ್ಡ್ ನೋಡಿ ಬರೆಯೋಳಲ್ಲ.”

‘ಆ ಮೇಷ್ಟ್ರು ನಾನೇ’ ಎನ್ನಬೇಕಿತ್ತು. “ಹಾಂ ಹಾಂ, ಬರೀರಿ, ಚೆನ್ನಾಗಿ ಬರೀರಿ” ಎಂದು ಏನೋ ತೊದಲಿ ಗೇಟಿನೊಳಕ್ಕೆ ಓಡಿದೆ. ಅಂಥ ಹೇಡಿ ನಾನು.

ಸ್ಟಾಫ್ ರೂಮಿನಲ್ಲಿ ಕಾಗದದ ಜೊತೆ ಲಗತ್ತಿಸಲು ಇಟ್ಟುಕೊಂಡಿದ್ದ ಅವಳ ಉತ್ತರಪತ್ರಿಕೆ ತೆಗೆದೆ. ಮೊದಲ ಸಲ ಓದುವಾಗ ಮೇಲಿನಿಂದ ಕೆಳಕ್ಕೆ ಓದಿ, ಇದೇನು ಕಲಸುಮೇಲೋಗರ ಎಂದುಕೊಂಡಿದ್ದೆ. ಈಗ ನಡುವಿನ ಸಾಲಿನಿಂದ ಹಿಡಿದು ಮೇಲಕ್ಕೊಂದು, ಕೆಳಕ್ಕೊಂದು ಓದುತ್ತಾ ಹೋದೆ. ಎಲ್ಲವೂ ನೆಟ್ಟಗೆ ನಿಂತಿತು. ಎಲ್ಲಿ ಸೇರಬೇಕೆಂದು ಮೊದಲು ಊಹಿಸಿ, ಅಲ್ಲಿಂದ ಎರಡೂ ದಡಕ್ಕೆ ಸೇತುವೆ ಹಾಕಿದ್ದಳು. ಕಂಪ್ಯೂಟರಿನ ಪತ್ರಿಕೆ ತರಿಸಿ ಪಕ್ಕದಲ್ಲಿಟ್ಟು ನೋಡಿದರೆ ಆ ಒಂದು ಸಾಲು ಬಿಟ್ಟು ಉಳಿದ ದಾರಿಯೇ ಬೇರೆ. ಆ ಸಾಲು ಸರಿಯಾಗಿ ಮಾಡಿದ ಯಾರ ಹಾಳೆಯಲ್ಲಾದರೂ ಬರಲೇಬೇಕಾದದ್ದು. ಅಷ್ಟೂ ಹೊಳೆಯದಷ್ಟು ನನ್ನ ತಲೆ ಕೆಟ್ಟಿತ್ತು. ಮತ್ತೆ ಅಂಕ ಹಾಕಿ ಕೂಡಿಸಿದೆ: ಐವತ್ಮೂರು. ನನ್ನ ಮುಖ ಇಂಗು ತಿಂದ ಮಂಗನಂತಾಗಿತ್ತು ಎಂದು ಭೌತಶಾಸ್ತ್ರದ ಮೇಡಂ ಆಮೇಲೆ ಹೇಳಿದರು.

ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ಇತಿಹಾಸದವರು, ಕಾಗದಪತ್ರ ಎಂದರೆ ಅವರಿಗೆ ಪ್ರಾಣ. “ಮೇಷ್ಟ್ರೇ, ಗುರುವಾರ ನಕಲು ಅಂತ ಬರೆದು ಸಹಿ ಹಾಕಿದೀರಿ. ಶನಿವಾರ ಐವತ್ಮೂರು ಅಂತೀರಿ. ನಾಳೆ ತೊಂಬತ್ತು ಅಂತೀರೋ ಏನೋ!” ಎಂದರು. ನಾನು ಬೋರ್ಡು, ಏಣಿ, ನಡುವಿನ ಅಕ್ಷರ ಎಲ್ಲ ವಿವರಿಸಿದೆ. ಅವರು ಕಿಟಕಿಯಿಂದ ಗೇಟನ್ನು ಇಣುಕಿ ನೋಡಿ, “ಬುಧವಾರ ನಮ್ಮೆದುರು ಕರಿಹಲಗೆ ಮೇಲೆ ಮಾಡಲಿ. ಮೂರು ಲೆಕ್ಕ. ಎರಡು ಸರಿಯಾದ್ರೆ ನಿಮ್ಮ ಕಾಗದ ಹರಿದು ಹಾಕ್ತೀನಿ. ಇಲ್ಲಾಂದ್ರೆ ಅದರ ಮುಂದಿನ ಸೋಮವಾರದಿಂದ ಬೇರೆ ವಿಭಾಗ” ಎಂದರು. ಲೆಕ್ಕ ಆರಿಸುವ ಕೆಲಸವನ್ನು ಭೌತಶಾಸ್ತ್ರದ ಮೇಡಂಗೆ ವಹಿಸಿದರು. ನನ್ನ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆ ಉಳಿದಿರಲಿಲ್ಲ.

ಮಧ್ಯಾಹ್ನ ಡಬ್ಬಿಯ ತಾಯಿಯ ಅಂಗಡಿಗೆ ಹೋದೆ. ಒಂದೇ ಕೋಣೆ. ಗೋಡೆಗೆ ಒರಗಿಸಿದ ತಗಡಿನ ಹಲಗೆಗಳು, ಗಾಜಿನ ಬಾಟಲಿಯಲ್ಲಿ ತಲೆಕೆಳಗಾಗಿ ನಿಂತ ಕುಂಚಗಳು, ಟರ್ಪೆಂಟೈನಿನ ಘಾಟು. ಬಾಗಿಲಿನ ಒಳಮೈ ತುಂಬ ನನ್ನ ಗಣಿತದ ಸೂತ್ರಗಳು, ಒಂದೊಂದೂ ಅಂಗೈ ಅಗಲದ ಅಕ್ಷರದಲ್ಲಿ. ಹೆಚ್ಚಿನವು ಕೆಂಪು, ಕೆಲವು ಹಸಿರು.

ತಾಯಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, “ಬೆಳಿಗ್ಗೆ ನೀವು ಹೇಳಿದ ಮೇಷ್ಟ್ರು... ಅದು ನಾನೇ” ಎಂದೆ.

“ಗೊತ್ತಿತ್ತು” ಎಂದಳು ಆಕೆ.

“ಗೊತ್ತಿತ್ತಾ?”

“ನೀವು ರಸ್ತೆ ತಿರುವಲ್ಲಿ ಕಂಡ ತಕ್ಷಣ ಇವಳು ಬಕೆಟ್ ಹಿಂದೆ ಕೂತ್ಲು. ಅಷ್ಟು ಸಾಲ್ದಾ? ಗೊತ್ತಿದ್ದಕ್ಕೇ ಅಷ್ಟು ಗಟ್ಟಿಯಾಗಿ ಹೇಳಿದ್ದು. ಕೂತ್ಕೊಳ್ಳಿ, ಆ ಸ್ಟೂಲು ಒಣಗಿದೆ.”

ನಾನು ಕೂತೆ. ಒಣಗಿರಲಿಲ್ಲ. ನನ್ನ ಪ್ಯಾಂಟಿನ ಹಿಂಬದಿಯ ಹಸಿರು ಪಟ್ಟೆ ನೋಡಿ ಡಬ್ಬಿ ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ತಾಯಿ ಬೇಕೆಂದೇ ಮಾಡಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

ಬುಧವಾರದ ವಿಷಯ ಹೇಳಿದೆ. ಡಬ್ಬಿಯ ನಗು ಇಂಗಿಹೋಯಿತು. “ಬಾಗಿಲಲ್ಲಿ ಇನ್ನೂ ಕೆಂಪೇ ಜಾಸ್ತಿ ಸಾರ್” ಎಂದಳು. ಬಾರದ ಸೂತ್ರವನ್ನು ಕೆಂಪಿನಲ್ಲಿ ಬರೆಯುವುದು, ನೋಡದೆ ಹತ್ತು ಸಲ ಹೇಳಲು ಬಂದ ಮೇಲೆ ಅದರ ಮೇಲೇ ಹಸಿರು ಬಳಿಯುವುದು ಅವಳ ಕ್ರಮ. ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ.

“ನೀನು ನಡುವಿನಿಂದ ಯೋಚಿಸು, ಅದು ತಪ್ಪಲ್ಲ. ಆದರೆ ಓದುವವನು ಮೇಲಿಂದ ಓದ್ತಾನೆ. ಅವನಿಗೆ ಮೇಲಿಂದ ಬರೆದುಕೊಡು” ಎಂದೆ.

“ಎರಡು ಸಲ ಬರೀಬೇಕಾ ಸಾರ್?”

ಉತ್ತರ ಕೊಟ್ಟವಳು ತಾಯಿ. “ಸೀಮೆಸುಣ್ಣದಲ್ಲಿ ಗೀಚ್ಕೊಳ್ಳದೆ ಯಾವತ್ತಾದ್ರೂ ಬಣ್ಣ ಹಾಕಿದ್ದೀವಾ? ಮೊದಲು ಗೀಚು, ಆಮೇಲೆ ಬಳಿ, ಗೀಚಿದ್ದನ್ನ ಒರೆಸು. ಇದಕ್ಕೆ ಮೇಷ್ಟ್ರು ಬೇರೆ ಬೇಕಾ?”

ಅಂದೂ ಭಾನುವಾರವೂ ಮಧ್ಯಾಹ್ನ, ಸೋಮವಾರ ಮಂಗಳವಾರ ಕಾಲೇಜು ಮುಗಿದ ಮೇಲೆ ಆ ಅಂಗಡಿಯಲ್ಲೇ ಪಾಠ. ಹಳೆಯ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ನಡುವಿನಿಂದ ಗೀಚುವುದು, ಆಮೇಲೆ ಹಾಳೆಯಲ್ಲಿ ಮೇಲಿನಿಂದ ಬರೆಯುವುದು. ಎಲ್ಲ ಲೆಕ್ಕಕ್ಕೂ ನಡು ಇರುವುದಿಲ್ಲ ಎಂಬುದನ್ನು ಅವಳಿಗೆ ಒಪ್ಪಿಸಲು ನನಗೆ ಒಂದು ಇಡೀ ಸಂಜೆ ಬೇಕಾಯಿತು. ಅವಳೇನು ಗಣಿತದ ಪ್ರತಿಭೆಯಲ್ಲ. ಮಗ್ಗಿಯಲ್ಲೂ ಎಡವುತ್ತಿದ್ದಳು. ಎಡವಿದಾಗ ನಾನು ರೇಗುತ್ತಿದ್ದೆ, ರೇಗಿದಾಗ ತಾಯಿ ಏಣಿಯ ಮೇಲಿನಿಂದ ಕೆಮ್ಮುತ್ತಿದ್ದಳು, ನಾನು ದನಿ ತಗ್ಗಿಸುತ್ತಿದ್ದೆ. ಮಂಗಳವಾರದ ಹೊತ್ತಿಗೆ ಬಾಗಿಲಲ್ಲಿ ಇನ್ನೂ ಐದು ಸೂತ್ರ ಹಸಿರಾಗಿದ್ದವು.

ಬುಧವಾರ ಖಾಲಿ ತರಗತಿಯಲ್ಲಿ ನಾವು ನಾಲ್ವರೇ. ಪ್ರಾಂಶುಪಾಲರು ಮುಂದಿನ ಬೆಂಚಿನಲ್ಲಿ ಕಷ್ಟಪಟ್ಟು ತೂರಿಕೊಂಡು ಕೂತರು. ಭೌತಶಾಸ್ತ್ರದ ಮೇಡಂ ಚೀಟಿ ಬಿಚ್ಚಿ ಮೊದಲ ಲೆಕ್ಕ ಓದಿದರು. ಎರಡು ಬದಿ ಒಂದೇ ಎಂದು ತೋರಿಸುವ ಲೆಕ್ಕ. ಡಬ್ಬಿ ಹಲಗೆಯ ಮೂಲೆಯಲ್ಲಿ ಸಣ್ಣಗೆ ಗೀಚಿಕೊಂಡಳು, ನಡು ಸಿಕ್ಕಿತು, ಆಮೇಲೆ ದೊಡ್ಡದಾಗಿ ಮೇಲಿನಿಂದ ಕೆಳಗಿನವರೆಗೆ ಬರೆದಳು. ಅಕ್ಷರ ಎಷ್ಟು ಅಂದವಾಗಿತ್ತೆಂದರೆ ಪ್ರಾಂಶುಪಾಲರು ಅರ್ಥವಾಗದಿದ್ದರೂ ತಲೆಯಾಡಿಸಿದರು. ಒಂದು ಸರಿಯಾಯಿತು.

ಎರಡನೆಯದು ಸಂಖ್ಯೆಗಳ ಸಾಲನ್ನು ಕೂಡಿಸುವ ಲೆಕ್ಕ. ದಾರಿ ಸರಿಯಾಗೇ ಹಿಡಿದಳು, ಕೊನೆಯಲ್ಲಿ ಏಳೆಂಟಲೆ ಐವತ್ತನಾಲ್ಕು ಎಂದು ಬರೆದುಬಿಟ್ಟಳು. ಹಿಡಿದವರು ಪ್ರಾಂಶುಪಾಲರೇ. “ಏಳೆಂಟಲೆ ಐವತ್ತಾರು! ಮಗ್ಗಿ ನನಗೂ ಬರುತ್ತೆ” ಎಂದು ವಿಜಯೋತ್ಸಾಹದಿಂದ ಕೂಗಿ, ಚೀಟಿಯ ಮೇಲೆ ತಪ್ಪು ಎಂದು ಗುರುತು ಹಾಕಿದರು. ಅವರ ಜನ್ಮದಲ್ಲಿ ಗಣಿತದ ತಪ್ಪು ಹಿಡಿದದ್ದು ಅದೇ ಮೊದಲಿರಬೇಕು. ಅವರ ಖುಷಿ ನೋಡಿ ನನಗೆ ಮೈಯೆಲ್ಲ ಉರಿಯಿತು.

ಇನ್ನು ಉಳಿದದ್ದು ಒಂದೇ. ಅದು ತಪ್ಪಿದರೆ ಅವಳ ಸರ್ವೆ ಕೋರ್ಸು ಅಲ್ಲಿಗೆ ಮುಗಿಯಿತು, ಮುಗಿಸಿದವನು ನಾನು. ಮೇಡಂ ಓದಿದರು: ಎಕ್ಸಿಗೆ ಏಳು ಕೂಡಿಸಿ ವರ್ಗಮೂಲ ತೆಗೆದರೆ ಎಕ್ಸ್ ಕಳೆ ಐದು ಬರುತ್ತದೆ, ಹಾಗಾದರೆ ಎಕ್ಸ್ ಎಷ್ಟು? ಡಬ್ಬಿ ಎರಡೂ ಕಡೆ ವರ್ಗ ಮಾಡಿದಳು, ಒಂದೊಂದೇ ಮೆಟ್ಟಿಲು ಇಳಿದಳು, ಕೊನೆಗೆ ಎರಡು ಉತ್ತರ ಬಂದವು. ಒಂಬತ್ತು, ಎರಡು.

“ಆಯ್ತಾ?” ಎಂದರು ಪ್ರಾಂಶುಪಾಲರು.

“ಒಂದ್ ನಿಮಿಷ ಸಾರ್” ಎಂದು ಅವಳು ಹಿಂದಕ್ಕೆ ಮೂರು ಹೆಜ್ಜೆ ಸರಿದು, ತಲೆ ವಾರೆ ಮಾಡಿ ಹಲಗೆಯನ್ನು ನೋಡಿದಳು. ಬೋರ್ಡ್ ಬರೆಯುವವರು ದೂರದಿಂದ ನೋಡದೆ ಏಣಿ ತೆಗೆಯುವುದಿಲ್ಲ. ಆಮೇಲೆ ಬೆರಳನ್ನು ಕೆಳಗಿನ ಸಾಲಿನಿಂದ ಮೇಲಿನ ಸಾಲಿನವರೆಗೆ ನಿಧಾನವಾಗಿ ಏರಿಸಿದಳು. ಒಂಬತ್ತನ್ನು ಹಿಡಿದು ಮೇಲೆ ಹೋದಳು, ನಾಲ್ಕಕ್ಕೆ ನಾಲ್ಕು ಸರಿಹೋಯಿತು. ಎರಡನ್ನು ಹಿಡಿದು ಮೇಲೆ ಹೋದಳು. ಎ‍ಡಗಡೆ ಮೂರು ಬಂತು, ಬಲಗಡೆ ಮೈನಸ್ ಮೂರು. ಸೀಮೆಸುಣ್ಣ ತೆಗೆದುಕೊಂಡು ಎರಡರ ಮೇಲೆ ಅಡ್ಡಗೆರೆ ಎಳೆದಳು.

“ಬಂದ ಉತ್ತರಾನ ಯಾಕಮ್ಮಾ ಹೊಡೆದೆ?” ಎಂದರು ಪ್ರಾಂಶುಪಾಲರು.

“ವರ್ಗ ಮಾಡಿದ್ರೆ ಪ್ಲಸ್ಸೂ ಮೈನಸ್ಸೂ ಒಂದೇ ಥರ ಆಗ್ಬಿಡುತ್ತೆ ಸಾರ್. ಇಳಿಯೋವಾಗ ಗೊತ್ತಾಗಲ್ಲ. ವಾಪಸ್ ಹತ್ತಿ ನೋಡಿದ್ರೆ ಗೊತ್ತಾಗುತ್ತೆ, ಇದು ನಮ್ಮದಲ್ಲ ಅಂತ.”

ಭೌತಶಾಸ್ತ್ರದ ಮೇಡಂ ಚಪ್ಪಾಳೆ ತಟ್ಟಿಯೇಬಿಟ್ಟರು. ಮೇಲಿನಿಂದ ಕೆಳಗೆ ಮಾತ್ರ ಓಡುವ ಮಕ್ಕಳು ವಾಪಸ್ ಹತ್ತುವುದಿಲ್ಲ. ಎರಡೂ ಕಡೆಗೆ ನಡೆದು ಅಭ್ಯಾಸವಿದ್ದವಳು ಹತ್ತಿದಳು. ಪ್ರಾಂಶುಪಾಲರು ನನ್ನ ಕಾಗದವನ್ನು ಜೇಬಿನಿಂದ ತೆಗೆದು ನಾಲ್ಕು ಚೂರು ಮಾಡಿ, ಕಾಗದ ಹರಿಯುವುದು ಅವರಿಗೆ ಎಷ್ಟು ಸಂಕಟದ ಕೆಲಸವೆಂದು ಮುಖದಲ್ಲಿ ತೋರಿಸುತ್ತಾ ನನ್ನ ಕೈಗೇ ಕೊಟ್ಟರು. ಡಬ್ಬಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಕೈ ತೆಗೆದಾಗ ಮೂಗು, ಕೆನ್ನೆ ಎಲ್ಲ ಬೆಳ್ಳಗಾಗಿತ್ತು. ನನಗೆ ಕಣ್ಣು ತುಂಬಿ ಬಂತು, ಸೀಮೆಸುಣ್ಣದ ಧೂಳು ಎಂದೆ.

ಮಾರನೆಯ ದಿನ ಮೊದಲ ಪೀರಿಯಡ್ಡಿನಲ್ಲಿ ಹಾಜರಿ ಕರೆದ ಮೇಲೆ ಎದ್ದು ನಿಂತೆ. ನಲವತ್ತೆರಡು ಜನರ ಮುಂದೆ ಆಡಿದ ಮಾತನ್ನು ನಲವತ್ತೆರಡು ಜನರ ಮುಂದೆಯೇ ವಾಪಸ್ ತೆಗೆದುಕೊಳ್ಳಬೇಕಿತ್ತು. ಡಬ್ಬಿಯನ್ನು ಅವಳ ನಿಜವಾದ ಹೆಸರಿನಿಂದ ಕರೆದು ಹೇಳಿದೆ: “ಇವಳು ನಕಲು ಮಾಡಿರಲಿಲ್ಲ. ನಾನು ಸರಿಯಾಗಿ ಓದದೆ ಕಳ್ಳಿ ಅಂದೆ. ಮನೆಯವರನ್ನೂ ಸೇರಿಸಿ ಅಂದೆ. ತಪ್ಪಾಯ್ತು, ಕ್ಷಮಿಸಮ್ಮ. ಇವಳಿಗೆ ಬಂದಿರೋದು ಐವತ್ಮೂರು.”

ತಿದ್ದಿದ ಉತ್ತರಪತ್ರಿಕೆಯನ್ನು ಅವಳ ಬೆಂಚಿನ ಮೇಲಿಟ್ಟೆ. ಶಾರ್ಟ್ ಸರ್ಕ್ಯೂಟ್ ಕ್ಷಮೆ ಕೇಳಿದ್ದನ್ನು ಮಕ್ಕಳು ಅಲ್ಲಿಯವರೆಗೆ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಡಬ್ಬಿ ಎದ್ದು ನಿಂತಳು. “ಪರವಾಗಿಲ್ಲ ಸಾರ್” ಎಂದಳು. ಕೂರಲಿಲ್ಲ. “ಆದ್ರೆ ಐವತ್ಮೂರಲ್ಲ ಸಾರ್. ಐದನೇ ಲೆಕ್ಕ ನಂದು ತಪ್ಪಾಗಿದೆ. ನೀವು ಹತ್ತು ಕೊಟ್ಟಿದ್ದೀರಿ.”

“ಎಲ್ಲಿ ತಪ್ಪು? ಬಂದು ತೋರಿಸು.”

ಅವಳು ಹಲಗೆಗೆ ಬಂದಳು. ಎಕ್ಸಿಗೆ ಮೂರು ಕೂಡಿಸಿ ವರ್ಗಮೂಲ ತೆಗೆದರೆ ಎಕ್ಸ್ ಕಳೆ ಮೂರು. ಉತ್ತರ ಆರು ಮತ್ತು ಒಂದು ಎಂದು ಪರೀಕ್ಷೆಯಲ್ಲಿ ಬರೆದಿದ್ದಳು. ಈಗ ಒಂದನ್ನು ಹಿಡಿದು ಮೇಲೆ ಹತ್ತಿದಳು: ಎಡಗಡೆ ಎರಡು, ಬಲಗಡೆ ಮೈನಸ್ ಎರಡು. “ನಿನ್ನೆ ಆ ಲೆಕ್ಕ ಮಾಡ್ತಾ ಇದು ಹೊಳೀತು ಸಾರ್. ಆರು ಒಂದೇ ಸರಿ” ಎಂದು ಒಂದನ್ನು ಹೊಡೆದು ಹಾಕಿದಳು.

ತರಗತಿಯಲ್ಲಿ ಹಾಳೆಗಳ ಪರಪರ ಸದ್ದು ಎದ್ದಿತು. ಮೊದಲ ಬೆಂಚಿನಿಂದ ಕಂಪ್ಯೂಟರ್ ನಿಧಾನವಾಗಿ ಎದ್ದಳು. “ಸಾರ್, ನಂದೂ ಆರು, ಒಂದು ಅಂತಿದೆ. ನಂಗೂ ಹತ್ತಕ್ಕೆ ಹತ್ತು ಕೊಟ್ಟಿದ್ದೀರಿ” ಎಂದಳು. ಅವಳ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಕಿಟಕಿ ಪಕ್ಕದ ಮೂವರು. ನಾನು ಮೇಜಿನ ಡ್ರಾಯರ್ ಎಳೆದು, ನನ್ನದೇ ಕೈಬರಹದ ಉತ್ತರಸೂಚಿ ತೆಗೆದು ನೋಡಿದೆ. ಐದನೆಯದರ ಮುಂದೆ ಆರು, ಒಂದು ಎಂದು ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದೆ. ಎಣಿಸಿದರೆ ಡಬ್ಬಿಯನ್ನು ಬಿಟ್ಟು ಎದ್ದು ನಿಂತವರು ಹತ್ತೊಂಬತ್ತು ಜನ. ಆ ಲೆಕ್ಕಕ್ಕೆ ಎಲ್ಲರಿಗೂ ಹತ್ತಕ್ಕೆ ನಾಲ್ಕೇ ಎಂದೆ.

“ಡಬ್ಬೀ, ನಿನ್ನಿಂದ ಎಲ್ಲರಿಗೂ ಆರಾರು ಮಾರ್ಕ್ಸ್ ಹೋಯ್ತಲ್ಲೇ!” ಎಂದು ಯಾರೋ ಗೋಳಾಡಿದರು. ನಗು ಶುರುವಾಯಿತು. ಈ ಸಲ ಅವರು ನಗುತ್ತಿದ್ದದ್ದು ನನ್ನನ್ನು ನೋಡಿ. ನಾನೂ ಸೇರಿಕೊಂಡೆ.

ಎರಡು ವರ್ಷದ ಕೊನೆಯ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ಅರವತ್ತೊಂದು ಬಂತು, ಭೌತಶಾಸ್ತ್ರದಲ್ಲಿ ಐವತ್ತೆಂಟು. ಸರ್ವೆ ಕೋರ್ಸಿಗೆ ಅಷ್ಟು ಸಾಕಾಯಿತು. ತೊಂಬತ್ತೊಂಬತ್ತು ತೆಗೆದ ಎಷ್ಟೋ ಮಕ್ಕಳನ್ನು ನಾನು ಮರೆತಿದ್ದೇನೆ. ಇವಳನ್ನು ಮರೆಯಲು ಆಗುವುದಿಲ್ಲ, ಅದಕ್ಕೆ ಕಾರಣ ನಾನು ಕ್ಷಮೆ ಕೇಳಿದ ಆ ಗುರುವಾರದ ಸಂಜೆ.

ಅಂದು ಎಲ್ಲರೂ ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಅಂಕಗಳ ರಿಜಿಸ್ಟರ್ ತೆಗೆದು ಕೂತೆ. ನಮ್ಮಲ್ಲಿ ಅಂಕ ತಿದ್ದಿದರೆ ಪಕ್ಕದ ಕಾಲಮ್ಮಿನಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಇಪ್ಪತ್ತಾರು ವರ್ಷದಿಂದ ನಾನು ಅಲ್ಲಿ ‘ಕೂಡಿಸುವಾಗ ವ್ಯತ್ಯಾಸ’ ಎಂದೇ ಬರೆಯುತ್ತಾ ಬಂದಿದ್ದೇನೆ, ಎಲ್ಲ ಮೇಷ್ಟ್ರುಗಳೂ ಬರೆಯುವುದು ಅದನ್ನೇ. ಅವಳ ಹೆಸರಿನ ಮುಂದಿನ ಸೊನ್ನೆಯನ್ನು ಹೊಡೆದು ನಲವತ್ತೇಳು ಎಂದು ಬರೆದೆ. ಕಾರಣದ ಕಾಲಮ್ಮಿನಲ್ಲಿ ‘ಮೇಷ್ಟ್ರ ತಪ್ಪು’ ಎಂದು ಬರೆದು ಸಹಿ ಹಾಕಿದೆ. ಉಳಿದ ಹತ್ತೊಂಬತ್ತು ಹೆಸರುಗಳ ಮುಂದೆಯೂ ಒಂದೊಂದಾಗಿ ಅದನ್ನೇ ಬರೆಯುತ್ತಾ ಹೋದೆ.